ಸೂರ್ಯನಿಗೆ ಬಿಲ್ಲಿಲ್ಲ, ಲೆಕ್ಕ ಮಾತ್ರ ಇದೆ

ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯೊಂದರಲ್ಲಿ ನಿಂತು ‘ಸೋಲಾರ್’ ಎಂದು ಹೇಳಿ ನೋಡಿ. ಕೇಳಿದವರ ಕಣ್ಣು ಹೊಲದ ಕಡೆಗೆ ಹೋಗುತ್ತದೆ. ಅಲ್ಲಿ ಸೋಲಾರ್ ಎಂದರೆ ಆನೆ ತಡೆಯುವ ತಂತಿಬೇಲಿ. ಅದೇ ಮಾತನ್ನು ಹುಣಸೂರಿನ ಬಡಾವಣೆಯೊಂದರಲ್ಲಿ ಹೇಳಿದರೆ ಬೆರಳು ತಾರಸಿಯ ಮೇಲಿನ ಬಿಸಿನೀರಿನ ಟ್ಯಾಂಕಿನತ್ತ ತಿರುಗುತ್ತದೆ. ಈಗ ಈ ಪದಕ್ಕೆ ಮೂರನೆಯ ಅರ್ಥವೊಂದು ಬಂದಿದೆ. ಮನೆಯ ಮೇಲೆ ನೀಲಿ-ಕಪ್ಪು ಫಲಕ ಹಾಸಿ ಕರೆಂಟು ತಯಾರಿಸುವ ಸೋಲಾರ್ ಅದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಮನೆಗಳಲ್ಲಿ ಇಂದು ಚರ್ಚೆಗೆ ಬಂದಿರುವುದು ಈ ಮೂರನೆಯದು.

ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎರಡೂವರೆ ಎಕರೆ ಜಮೀನು, ಒಂದಿಷ್ಟು ಹೊಗೆಸೊಪ್ಪು, ಒಂದಿಷ್ಟು ರಾಗಿ. ಮಗಳು ಹತ್ತನೇ ತರಗತಿ. ಹರಾಜು ಮಾರುಕಟ್ಟೆಯಿಂದ ಸೊಪ್ಪಿನ ದುಡ್ಡು ಕೈಗೆ ಬಂದಿದೆ. ಅದರಲ್ಲಿ ಒಂದು ಪಾಲನ್ನು ಮಗಳ ಮುಂದಿನ ಓದಿಗೆಂದು ಎತ್ತಿಡಬೇಕು. ಅಷ್ಟರಲ್ಲಿ ಪೇಟೆಯಲ್ಲಿ ಯಾರೋ ಕೊಟ್ಟ ಕರಪತ್ರ ಅಪ್ಪನ ಜೇಬು ಸೇರಿದೆ.

“ಸೋಲಾರ್ ಹಾಕುಸ್ಬುಟ್ರೆ ಬಿಲ್ಲೇ ಬರಕಿಲ್ವಂತೆ ಕಣವ್ವ. ನೀನು ಓದ್ಕೊಳೋವಾಗ ಕರೆಂಟು ಹೋಗೋ ಮಾತೇ ಇಲ್ಲ” ಎನ್ನುತ್ತಾನೆ ಅಪ್ಪ.

“ನಮಗೆ ಈಗ್ಲೂ ಬಿಲ್ಲು ಬತ್ತಾ ಇಲ್ವಲ್ಲಪ್ಪ” ಎನ್ನುತ್ತಾಳೆ ಮಗಳು.

ಇಡೀ ವಿಷಯದ ಗಂಟು ಈ ಎರಡು ಮಾತುಗಳಲ್ಲಿದೆ. ಸೌರಫಲಕ ಒಳ್ಳೆಯದೇ ಕೆಟ್ಟದ್ದೇ ಎಂಬ ಪ್ರಶ್ನೆಗೆ ಎಲ್ಲ ಮನೆಗೂ ಹೊಂದುವ ಒಂದೇ ಉತ್ತರ ಇಲ್ಲ. ನಿಮ್ಮ ಮನೆಯ ಮೀಟರು ಏನು ಹೇಳುತ್ತದೆ, ನಿಮ್ಮ ಊರಿನ ತಂತಿ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಈ ಲೆಕ್ಕಕ್ಕೆ ಇಂಜಿನಿಯರು ಬೇಕಿಲ್ಲ. ಏಳನೇ ತರಗತಿಯ ಗಣಿತ ಸಾಕು!

ಬೆಳಕು ಕರೆಂಟಾಗುವ ಬಗೆ

ಮೊದಲು ವಿಜ್ಞಾನದ ಮಾತು. ಕೆಲವು ವಸ್ತುಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲೇ ಕಂಡುಕೊಂಡಿದ್ದ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1954ರಲ್ಲಿ ತಯಾರಾದ ಸಿಲಿಕಾನ್ ಕೋಶ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 6ರಷ್ಟನ್ನು ವಿದ್ಯುತ್ತಾಗಿ ಬದಲಿಸುತ್ತಿತ್ತು. ಇಂದಿನ ಫಲಕಗಳು ಶೇಕಡಾ 20ನ್ನು ದಾಟಿವೆ.

ಬಿಸಿನೀರಿನ ಸೋಲಾರಿಗೂ ಇದಕ್ಕೂ ಸಂಬಂಧವಿಲ್ಲ. ಅದು ಬಿಸಿಲಿನ ಕಾವನ್ನು ನೇರವಾಗಿ ನೀರಿಗೆ ಕೊಡುತ್ತದೆ, ಕರೆಂಟು ತಯಾರಿಸುವುದಿಲ್ಲ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. ಫಲಕ ಕಾದಷ್ಟೂ ಅದರ ಉತ್ಪಾದನೆ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಸುಡುವ ಏಪ್ರಿಲ್‌ಗಿಂತ ಚುಂಚನಕಟ್ಟೆ ಜಾತ್ರೆಯ ಹೊತ್ತಿನ ಜನವರಿಯ ತಂಪಾದ, ತಿಳಿಯಾದ ಬಿಸಿಲಿನಲ್ಲಿ ಫಲಕ ಹಿತವಾಗಿ ದುಡಿಯುತ್ತದೆ.

ಒಂದು ಕಿಲೋವಾಟ್‌ನ ಫಲಕ ನಮ್ಮ ಸೀಮೆಯಲ್ಲಿ ಒಳ್ಳೆಯ ಬಿಸಿಲಿದ್ದ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಮೋಡದ ದಿನಗಳನ್ನೂ ಸೇರಿಸಿ ತಿಂಗಳಿಗೆ ಸರಾಸರಿ 100 ಯೂನಿಟ್ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ, ಮೋಸವೂ ಇಲ್ಲ. ಒಂದು ಕಿಲೋವಾಟ್‌ಗೆ ತಾರಸಿಯಲ್ಲಿ ನೆರಳಿಲ್ಲದ ನೂರು ಚದರ ಅಡಿ ಜಾಗ ಬೇಕು.

ಹಳೇ ಬಿಲ್ಲು ತೆಗೆಯಿರಿ

ಈಗ ಮಗಳ ಮಾತಿಗೆ ಬರೋಣ. ಕರ್ನಾಟಕ ಸರ್ಕಾರ 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಒಳಗೆ ಬಳಸುವ ಮನೆಗಳಿಗೆ ವಿದ್ಯುತ್ ಉಚಿತ. ಆದರೆ ಎಲ್ಲರಿಗೂ 200 ಅಲ್ಲ. ಆ ಮನೆ 2022-23ರಲ್ಲಿ ಬಳಸಿದ ಸರಾಸರಿ, ಅದರ ಮೇಲೆ ಶೇಕಡಾ 10 - ಸಾಮಾನ್ಯವಾಗಿ ಇದು ಆ ಮನೆಯ ಪಾಲು. ಪಾಲು ಮೀರಿ 200ರ ಒಳಗಿದ್ದರೆ ಮೀರಿದ ಯೂನಿಟ್‌ಗಷ್ಟೇ ಹಣ. 200 ದಾಟಿತೋ, ಮೊದಲ ಯೂನಿಟ್‌ನಿಂದಲೇ ಪೂರಾ ಬಿಲ್ಲು!

ಇನ್ನೊಂದು ಕಡೆ ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ. ಒಂದು ಕೋಟಿ ಮನೆಗಳ ಗುರಿ, 2026-27ರವರೆಗಿನ ಅವಧಿ. ಇದರಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನ. ಒಟ್ಟು 78,000 ರೂಪಾಯಿ. ಮೂರು ಕಿಲೋವಾಟ್‌ಗಿಂತ ದೊಡ್ಡದು ಹಾಕಿಸಿದರೂ ಮನೆಯೊಂದಕ್ಕೆ ಸಿಗುವುದು ಇಷ್ಟೇ.

ಈ ಎರಡನ್ನೂ ಎದುರಿಟ್ಟುಕೊಂಡು ಮೂರು ಮನೆಗಳ ಲೆಕ್ಕ ಹಾಕೋಣ. ಯೂನಿಟ್ ಬೆಲೆಯನ್ನು ಸುಲಭಕ್ಕೆ 6 ರೂಪಾಯಿ ಎಂದುಕೊಳ್ಳಿ. ಈಗಿನ ದರವೂ ಅದರ ಆಸುಪಾಸಿನಲ್ಲೇ ಇದೆ.

ಮೊದಲ ಮನೆ ನಮ್ಮ ಸೊಪ್ಪಿನ ಬೆಳೆಗಾರನದು. ನಾಲ್ಕು ದೀಪ, ಎರಡು ಫ್ಯಾನು, ಟೀವಿ, ಮಿಕ್ಸಿ. ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ. ಒಂದು ಕಿಲೋವಾಟ್ ಫಲಕಕ್ಕೆ 70,000 ರೂಪಾಯಿ ಕೇಳಿದರು ಎನ್ನೋಣ. ಸಹಾಯಧನ ಕಳೆದು ಕೈಯಿಂದ 40,000 ಹೋಗುತ್ತದೆ. ಉಳಿತಾಯ ಎಷ್ಟು? ಸೊನ್ನೆಯಲ್ಲಿ ಇನ್ನೇನನ್ನು ಕಳೆಯುವುದು? ಮಗಳ ಪಿಯುಸಿಗೆಂದು ಇಟ್ಟ ದುಡ್ಡು ತಾರಸಿ ಏರಿ ಕುಳಿತಂತಾಯಿತು, ಅಷ್ಟೇ. ಉಚಿತ ಯೋಜನೆ ಎಂದೆಂದಿಗೂ ಇರುತ್ತದೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದು ನಿಂತರೂ 60 ಯೂನಿಟ್‌ನ ಮನೆ ತಿಂಗಳಿಗೆ ಉಳಿಸುವುದು 360 ರೂಪಾಯಿ. 40,000 ಹಿಂತಿರುಗಲು ಒಂಬತ್ತು ವರ್ಷಕ್ಕೂ ಹೆಚ್ಚು ಬೇಕು.

ಎರಡನೆಯ ಮನೆ ಹುಣಸೂರು ಪೇಟೆಯಲ್ಲಿದೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಇಬ್ಬರು ಮಕ್ಕಳು. 2022-23ರ ಸರಾಸರಿ 150 ಯೂನಿಟ್, ಆದ್ದರಿಂದ ಪಾಲು 165. ಈಗ ಬಳಕೆ 230ಕ್ಕೆ ಏರಿದೆ. 200 ದಾಟಿದ್ದರಿಂದ ಪೂರಾ 230ಕ್ಕೂ ಹಣ, 1,380 ರೂಪಾಯಿ. ಇವರೂ ಫಲಕದ ಯೋಚನೆಯಲ್ಲಿದ್ದಾರೆ. ಆದರೆ ಬಚ್ಚಲುಮನೆಯೊಳಗೆ ಇಣುಕಿ ನೋಡಿ. ಎರಡು ಕಿಲೋವಾಟ್‌ನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ 2 ಯೂನಿಟ್, ತಿಂಗಳಿಗೆ 60 ಯೂನಿಟ್! ಅದನ್ನು ತೆಗೆದು ಬಿಸಿನೀರಿನ ಸೋಲಾರ್ ಇಟ್ಟರೆ, ಇಲ್ಲವೇ ಹಿತ್ತಲಿನ ಹಂಡೆಯೊಲೆಗೆ ಮರಳಿದರೆ ಬಳಕೆ 170ಕ್ಕೆ ಇಳಿಯುತ್ತದೆ. ಆಗ ಹಣ ಕಟ್ಟಬೇಕಾದದ್ದು ಪಾಲು ಮೀರಿದ 5 ಯೂನಿಟ್‌ಗೆ ಮಾತ್ರ, 30 ರೂಪಾಯಿ. ಇವರಿಗೆ ಬೇಕಾದದ್ದು ಸೋಲಾರೇ ಹೌದು. ಆದರೆ ಮೂರನೆಯ ಸೋಲಾರ್ ಅಲ್ಲ, ಎರಡನೆಯದು.

ಮೂರನೆಯ ಮನೆ ಕೆ.ಆರ್. ನಗರದ ಕಡೆಯ ದೊಡ್ಡ ಕುಟುಂಬ. ಅಣ್ಣ-ತಮ್ಮಂದಿರು ಒಟ್ಟಿಗಿದ್ದಾರೆ. ಎರಡು ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ನೀರೆತ್ತುವ ಮೋಟರು. ತಿಂಗಳಿಗೆ 300 ಯೂನಿಟ್ ತಪ್ಪದು. ಗೃಹಜ್ಯೋತಿ ಇವರಿಗೆ ಇಲ್ಲ. ಮೂರು ಕಿಲೋವಾಟ್‌ಗೆ ಎರಡು ಲಕ್ಷ ರೂಪಾಯಿ ಎನ್ನೋಣ. 78,000 ಸಹಾಯಧನ ಕಳೆದರೆ 1,22,000. ತಿಂಗಳಿಗೆ 300 ಯೂನಿಟ್ ಹುಟ್ಟಿದರೆ ಉಳಿಯುವುದು 1,800 ರೂಪಾಯಿ, ವರ್ಷಕ್ಕೆ 21,600. ಐದೂವರೆಯಿಂದ ಆರು ವರ್ಷದೊಳಗೆ ಹಾಕಿದ ಹಣ ಕೈಸೇರುತ್ತದೆ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷದ ಭರವಸೆ ಕೊಡುತ್ತಾರೆ. ಇನ್ವರ್ಟರು ನಡುವೆ ಒಮ್ಮೆ ಬದಲಾದರೂ ಈ ಮನೆಗೆ ಇದು ಲಾಭದ ಬಾಬತ್ತು. ಸಾಲ ಮಾಡಿ ಹಾಕಿಸಿದರೆ ಬಡ್ಡಿಯನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ಆದರೂ ‘ಬಿಲ್ಲೇ ಬರುವುದಿಲ್ಲ’ ಎಂಬ ಮಾತು ಪೂರ್ತಿ ನಿಜವಲ್ಲ. ನಿಗದಿತ ಶುಲ್ಕ ಇದ್ದೇ ಇರುತ್ತದೆ. ಹಗಲು ಹೆಚ್ಚಾದ ಕರೆಂಟು ಮೀಟರಿನ ಮೂಲಕ ಸೆಸ್ಕ್ ತಂತಿಗೆ ಹೋಗುತ್ತದೆ, ರಾತ್ರಿ ನಾವು ಅಲ್ಲಿಂದ ಪಡೆದದ್ದರಲ್ಲಿ ಅದು ವಜಾ ಆಗುತ್ತದೆ. ವಜಾ ಆಗಿ ಮಿಕ್ಕದ್ದಕ್ಕೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡಿದ ದರ ಸಿಗುತ್ತದೆ. ಸಹಾಯಧನ ಪಡೆಯದೆ ಫಲಕ ಹಾಕಿಸಿದವರಿಗೆ 2013ರಲ್ಲಿ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಎಂದು ಆಯೋಗ ಗೊತ್ತುಮಾಡಿತ್ತು. ಫಲಕದ ಬೆಲೆ ಇಳಿದಂತೆ ಆ ದರವೂ ಇಳಿದು, ಈಗ ನಾವು ಕೊಳ್ಳುವ ಬೆಲೆಗಿಂತ ಕಡಿಮೆ ಇದೆ. ಆದ್ದರಿಂದ ಮಾರಾಟದ ಆಸೆಗೆ ಅಗತ್ಯಕ್ಕಿಂತ ದೊಡ್ಡದು ಹಾಕಿಸುವುದು ಜಾಣತನವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಫಲಕಕ್ಕೂ ಸಲ್ಲುತ್ತದೆ.

ಕರೆಂಟು ಹೋದರೆ ಫಲಕವೂ ಮಲಗುತ್ತದೆ

ಇನ್ನು ಅಪ್ಪನ ಎರಡನೆಯ ಮಾತು. ಫಲಕ ಇದ್ದರೆ ಕರೆಂಟು ಹೋಗುವ ಮಾತೇ ಇಲ್ಲವಂತೆ. ಬಹಳ ಮಂದಿ ಎಡವುವುದು ಇಲ್ಲೇ. ಸೂರ್ಯಘರ್ ಯೋಜನೆಯಲ್ಲಿ ಸಾಮಾನ್ಯವಾಗಿ ಹಾಕುವ ವ್ಯವಸ್ಥೆಗೆ ಬ್ಯಾಟರಿ ಇರುವುದಿಲ್ಲ. ಅದು ತಂತಿಗೆ ಜೋಡಿಸಿದ ವ್ಯವಸ್ಥೆ. ಊರಿನ ಲೈನಿನಲ್ಲಿ ಕರೆಂಟು ನಿಂತ ಕೂಡಲೇ ಅದರ ಇನ್ವರ್ಟರು ತಾನಾಗಿಯೇ ನಿಲ್ಲುತ್ತದೆ. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದರೂ ಮನೆಯೊಳಗೆ ಫ್ಯಾನು ತಿರುಗುವುದಿಲ್ಲ!

ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಲೈನು ಕೆಟ್ಟಾಗ ಲೈನ್‌ಮನ್ ಕಂಬ ಹತ್ತಿರುತ್ತಾನೆ. ತಂತಿಯಲ್ಲಿ ಕರೆಂಟಿಲ್ಲ ಎಂದು ನಂಬಿ ಕೈ ಇಟ್ಟಿರುತ್ತಾನೆ. ಆ ಹೊತ್ತಿನಲ್ಲಿ ನಿಮ್ಮ ಛಾವಣಿಯಿಂದ ಕರೆಂಟು ಹರಿದರೆ ಅವನ ಪ್ರಾಣಕ್ಕೇ ಸಂಚಕಾರ. ಆದ್ದರಿಂದಲೇ ಈ ಬೀಗ.

ಹಾಗಾದರೆ ರಾತ್ರಿ ಏಳರಿಂದ ಹತ್ತರವರೆಗೆ ಓದಬೇಕಾದ ಹುಡುಗಿಗೆ ಏನು ದಾರಿ? ಅವಳಿಗೆ ಬೇಕಾದದ್ದು ಸಣ್ಣ ಫಲಕ ಮತ್ತು ಒಂದು ಬ್ಯಾಟರಿ. ಲೆಕ್ಕ ನೋಡಿ: 5 ವಾಟ್‌ನ ನಾಲ್ಕು ಎಲ್‌ಇಡಿ ದೀಪ, ನಾಲ್ಕು ಗಂಟೆ. ಒಟ್ಟು 80 ವಾಟ್-ಗಂಟೆ. ಒಂದು ಯೂನಿಟ್ ಎಂದರೆ 1,000 ವಾಟ್-ಗಂಟೆ. ಅಂದರೆ ಇಡೀ ಮನೆಯ ಸಂಜೆಯ ಬೆಳಕಿಗೆ ಬೇಕಾದದ್ದು ಒಂದು ಯೂನಿಟ್‌ನ ಹನ್ನೆರಡನೇ ಒಂದು ಪಾಲಿಗಿಂತಲೂ ಕಡಿಮೆ. 40 ವಾಟ್‌ನ ಒಂದು ಫಲಕ ನಾಲ್ಕು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ 160 ವಾಟ್-ಗಂಟೆ ಕೊಡುತ್ತದೆ. ತಂತಿ, ಬ್ಯಾಟರಿಗಳಲ್ಲಿ ಸೋರಿ ಹೋದದ್ದನ್ನು ಬಿಟ್ಟರೂ ಸಾಕಾಗುತ್ತದೆ.

ಜಮೀನಿನಲ್ಲೇ ಮನೆ ಕಟ್ಟಿಕೊಂಡವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಊರೊಳಗಿನ ಮನೆಗಳ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ ಆಗಿರುವ ಕಡೆ ತೋಟದ ಮನೆಗೆ ಕರೆಂಟು ಬರುವುದು ಪಂಪ್‌ಸೆಟ್ಟಿಗೆ ಕೊಟ್ಟ ಹೊತ್ತಿನಲ್ಲಿ. ಅಂಥ ಕಡೆ ಬ್ಯಾಟರಿ ಇಲ್ಲದ ಫಲಕ ಹಾಕಿಸಿದರೆ ಲೈನು ನಿಂತಾಗಲೆಲ್ಲ ಅದೂ ನಿದ್ದೆ ಮಾಡುತ್ತದೆ. ಬ್ಯಾಟರಿ ಸಹಿತ ದೊಡ್ಡ ವ್ಯವಸ್ಥೆಯೂ ಉಂಟು. ಆದರೆ ಸೂರ್ಯಘರ್ ಸಹಾಯಧನ ಲೆಕ್ಕವಾಗುವುದು ಫಲಕದ ಕಿಲೋವಾಟ್ ಮೇಲೆ, ಬ್ಯಾಟರಿಯ ಮೇಲಲ್ಲ.

ಸಣ್ಣ ಫಲಕದ ಕಥೆ ಕರ್ನಾಟಕಕ್ಕೆ ಹೊಸದೇನಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ, ಪ್ರತಿ ಮನೆಗೂ ಅದಕ್ಕೆ ತಕ್ಕ ದೀಪ, ಅದಕ್ಕೆ ತಕ್ಕ ಬ್ಯಾಂಕ್ ಕಂತು ಎಂಬ ದಾರಿ ಹಿಡಿದರು. ತಳ್ಳುಗಾಡಿಯವರಿಗೂ ಕೂಲಿಕಾರರಿಗೂ ಸೌರದೀಪ ಎಟುಕುವಂತೆ ಮಾಡಿದ ಈ ಕೆಲಸಕ್ಕಾಗಿ 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ಸಂಸ್ಥೆಯ ಇನ್ನೊಂದು ಕಾರ್ಯಕ್ರಮದಲ್ಲಿ ಫಲಕ ಇರುವುದು ಶಾಲೆಯ ಮೇಲೆ. ಮಕ್ಕಳು ಬೆಳಿಗ್ಗೆ ಪುಟ್ಟ ಬ್ಯಾಟರಿಯನ್ನು ಶಾಲೆಗೆ ತಂದು ಚಾರ್ಜಿಗೆ ಇಟ್ಟು, ಸಂಜೆ ಮನೆಗೆ ಒಯ್ದು ದೀಪ ಹಚ್ಚುತ್ತಾರೆ. ಶಾಲೆ ತಪ್ಪಿಸಿದರೆ ದೀಪವೂ ಇಲ್ಲ!

ನಮ್ಮ ನೆಲದ ಬಿಸಿಲು, ನಮ್ಮ ನೆಲದ ಮೋಡ

ಪಾವಗಡದ ಸೌರ ಉದ್ಯಾನದ ಹೆಸರು ಕೇಳಿರುತ್ತೀರಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ಅದು ಮಳೆ ಕಡಿಮೆ ಇರುವ ಬಯಲುಸೀಮೆ. ನಮ್ಮ ನಾಲ್ಕು ತಾಲ್ಲೂಕುಗಳ ಹವೆ ಬೇರೆ. ಕೊಡಗಿನ ಗಡಿಗೆ ಹತ್ತಿರವಾದಷ್ಟೂ ಮುಂಗಾರಿನ ಮೋಡ ದಟ್ಟ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಜಡಿ ಹಿಡಿದರೆ ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಪಶ್ಚಿಮದ ಹಳ್ಳಿಗಳಲ್ಲಿ ದಿನದ ಉತ್ಪಾದನೆ ಅರ್ಧಕ್ಕೂ ಕೆಳಗಿಳಿಯಬಹುದು. ಮಾರುವವರು ಏಪ್ರಿಲ್‌ನ ಅಂಕಿ ತೋರಿಸಿದರೆ ನೀವು ಜುಲೈನ ಅಂಕಿ ಕೇಳಬೇಕು.

ನಾವಿರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷದ ಹೆಚ್ಚಿನ ಕಾಲ ಸೂರ್ಯ ನಮಗೆ ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ಫಲಕದ ಮುಖ ದಕ್ಷಿಣಕ್ಕಿರಬೇಕು, ಹತ್ತು-ಹನ್ನೆರಡು ಡಿಗ್ರಿ ಓರೆ ಸಾಕು. ಏಪ್ರಿಲ್ 20ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲಿ ಇನ್ನೊಮ್ಮೆ ನಡುಹಗಲಲ್ಲಿ ಸೂರ್ಯ ನೇರ ನೆತ್ತಿಗೆ ಬಂದು, ನೆಟ್ಟ ಕೋಲಿನ ನೆರಳು ಕಾಣೆಯಾಗುತ್ತದೆ. ವಿದ್ಯಾರ್ಥಿಗಳು ಇದನ್ನು ತಾರಸಿಯ ಮೇಲೆ ತಾವೇ ಪರೀಕ್ಷಿಸಬಹುದು. ಅದೇ ಕೋಲನ್ನು ಡಿಸೆಂಬರಿನಲ್ಲಿ ನೆಟ್ಟು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನೋಡಿ. ತೆಂಗಿನ ಮರದ ನೆರಳು, ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಫಲಕಗಳು ಸರಪಳಿಯಂತೆ ಜೋಡಿಸಿಕೊಂಡಿರುವುದರಿಂದ ಒಂದರ ಮೇಲೆ ಬಿದ್ದ ತೆಂಗಿನ ಗರಿಯ ನೆರಳು ಉಳಿದವನ್ನೂ ಎಳೆದು ಕೂರಿಸುತ್ತದೆ.

ಬೇಲಿ ಕಲಿಸಿದ ಪಾಠವನ್ನೂ ಮರೆಯಬಾರದು. ಕಾಡಂಚಿನ ಸೌರಬೇಲಿ ಸೋಲುವುದು ಸೂರ್ಯ ಕೈಕೊಟ್ಟಿದ್ದರಿಂದಲ್ಲ. ತಂತಿಗೆ ಬಳ್ಳಿ ಹಬ್ಬಿದರೂ ಕತ್ತರಿಸುವವರಿಲ್ಲ, ಬ್ಯಾಟರಿ ಸತ್ತರೂ ಬದಲಿಸುವವರಿಲ್ಲ. ಆಗ ಆನೆ ನಿಶ್ಚಿಂತೆಯಿಂದ ದಾಟುತ್ತದೆ. ಕಾಡೊಳಗಿನ ಹಾಡಿಗಳ ಸೌರದೀಪಗಳದ್ದೂ ಇದೇ ಪಾಡು. ತಂತಿ ಎಳೆಯಲಾಗದ ಕಡೆ ಅವೇ ಏಕೈಕ ಬೆಳಕು, ಬ್ಯಾಟರಿಯ ಆಯಸ್ಸು ಮುಗಿದ ರಾತ್ರಿಯಿಂದ ಮತ್ತೆ ಕತ್ತಲೆ. ಮನೆಯ ಫಲಕಕ್ಕೂ ಆರೈಕೆ ಬೇಕು. ರಾಗಿ ಒಕ್ಕಣೆಯ ಧೂಳು, ಬ್ಯಾರನ್ನಿನ ಹೊಗೆ, ಹಕ್ಕಿಯ ಹಿಕ್ಕೆ ಕೂತರೆ ಉತ್ಪಾದನೆ ಕುಸಿಯುತ್ತದೆ. ತಂಪು ಹೊತ್ತಿನಲ್ಲಿ ನೀರು ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿಗೆ ಅರ್ಥಿಂಗ್ ಸರಿಯಾಗಿರಬೇಕು.

ಸಹಿ ಹಾಕುವ ಮುನ್ನ

ಇಷ್ಟೆಲ್ಲ ಯೋಚಿಸಿ, ನಮ್ಮದು ಮೂರನೆಯ ಮನೆಯೇ ಎಂದು ನಿರ್ಧರಿಸಿದಿರಾ? ಹಾಗಾದರೆ ಮೊದಲು ಮೀಟರು ಯಾರ ಹೆಸರಿನಲ್ಲಿದೆ ನೋಡಿ. ನಮ್ಮ ಹಳ್ಳಿಗಳಲ್ಲಿ ತೀರಿಹೋದ ಅಜ್ಜನ ಹೆಸರಿಗೇ ಬಿಲ್ಲು ಬರುವ ಮನೆಗಳುಂಟು. ಆರ್.ಆರ್. ಸಂಖ್ಯೆ, ಬ್ಯಾಂಕ್ ಖಾತೆ, ಮನೆಯ ದಾಖಲೆ ಒಂದೇ ಹೆಸರಿಗೆ ಹೊಂದಬೇಕು. ಅರ್ಜಿ ಹಾಕುವುದು ಯೋಜನೆಯ ರಾಷ್ಟ್ರೀಯ ಪೋರ್ಟಲಿನಲ್ಲಿ. ಸಹಾಯಧನ ಬರುವುದು ಫಲಕ ಹಾಕಿ, ಸೆಸ್ಕ್‌ನವರು ಪರೀಕ್ಷಿಸಿ ಮೀಟರು ಜೋಡಿಸಿದ ಮೇಲೆ, ನೇರ ನಿಮ್ಮ ಖಾತೆಗೆ. ಅಲ್ಲಿಯವರೆಗೆ ಪೂರಾ ಹಣ ನೀವೇ ಹೊಂದಿಸಬೇಕು, ಇಲ್ಲವೇ ಇದಕ್ಕೆಂದೇ ಇರುವ ಬ್ಯಾಂಕ್ ಸಾಲ ಪಡೆಯಬೇಕು. ಸಹಾಯಧನ ಬೇಕಿದ್ದರೆ ಫಲಕದ ಕೋಶ ದೇಶದಲ್ಲೇ ತಯಾರಾದದ್ದಾಗಿರಬೇಕು. ಅದನ್ನು ರಸೀತಿಯಲ್ಲಿ ಬರೆಸಿಕೊಳ್ಳಿ.

ಮಾರುವವರನ್ನು ನಾಲ್ಕು ಪ್ರಶ್ನೆ ಕೇಳಿ. ಕರೆಂಟು ಹೋದಾಗ ಇದು ಉರಿಯುತ್ತದೆಯೇ? ಜುಲೈನಲ್ಲಿ ಎಷ್ಟು ಯೂನಿಟ್? ಇನ್ವರ್ಟರಿನ ವಾರಂಟಿ ಎಷ್ಟು ವರ್ಷ? ಕೆಟ್ಟರೆ ಬರುವವರು ಯಾರು, ಎಷ್ಟು ದಿನದಲ್ಲಿ? ಉತ್ತರಗಳು ಕಾಗದದ ಮೇಲಿರಲಿ, ಬಾಯಿ ಮಾತಿನಲ್ಲಿ ಬೇಡ.

ಈಗ ಮತ್ತೆ ಆ ಪಿರಿಯಾಪಟ್ಟಣದ ಮನೆಗೆ. ಮಗಳು ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ಹನ್ನೆರಡು ತಿಂಗಳ ಬಿಲ್ಲು ಬರೆಯುತ್ತಾಳೆ. ಯಾವ ತಿಂಗಳೂ 70 ದಾಟಿಲ್ಲ. ಪಕ್ಕದಲ್ಲಿ ಇನ್ನೊಂದು ಪಟ್ಟಿ: ಸಂಜೆ ಕರೆಂಟು ಹೋದ ದಿನಗಳು, ಹೋದ ಗಂಟೆಗಳು. ಮೊದಲ ಪಟ್ಟಿ ದೊಡ್ಡ ಫಲಕ ಬೇಡ ಎನ್ನುತ್ತದೆ. ಎರಡನೆಯದು ಚಿಕ್ಕ ಫಲಕ ಬೇಕು ಎನ್ನುತ್ತದೆ. ಸೊಪ್ಪಿನ ದುಡ್ಡಿನಲ್ಲಿ ಒಂದು ಸಣ್ಣ ಭಾಗ ನಾಲ್ಕು ದೀಪಕ್ಕೆ, ಉಳಿದದ್ದು ಕಾಲೇಜಿಗೆ. ಕರಪತ್ರ ಬೇಲಿಯಾಚೆ ಎಸೆಯಬೇಕಿಲ್ಲ. ಮನೆ ಬೆಳೆದು, ಫ್ರಿಜ್ಜು, ಮೋಟರು ಬಂದು ಬಿಲ್ಲು 200 ದಾಟುವ ಕಾಲ ಬಂದರೆ ಅದೇ ನೋಟ್‌ಬುಕ್ಕು ತೆಗೆದು ಮತ್ತೆ ಲೆಕ್ಕ ಹಾಕಿದರಾಯಿತು. ಸೂರ್ಯ ಎಲ್ಲಿಗೂ ಹೋಗುವುದಿಲ್ಲ.

ನಿಮ್ಮ ಮನೆಯಲ್ಲೂ ಈ ಭಾನುವಾರ ಅದೊಂದು ಕೆಲಸ ನಡೆಯಲಿ. ಮಕ್ಕಳ ಕೈಗೆ ಹಳೇ ಬಿಲ್ಲುಗಳ ಕಟ್ಟು ಕೊಡಿ. ಲೆಕ್ಕ ಅವರೇ ಹಾಕಲಿ, ತೀರ್ಮಾನ ಎಲ್ಲರೂ ಕೂಡಿ ಮಾಡಿ.